ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ

ಸರ, ದರ, ಅರಸ, ಅಗಸ. ನಮ್ಮ ಸರ್ಕಾರಿ ಕನ್ನಡ ಶಾಲೆಯ ನಲಿ-ಕಲಿ ತರಗತಿಗೆ ಸೇರಿದ ಮಗು ಮೊದಮೊದಲು ಓದುವ ಪದಗಳು ಇಂಥವು. ನಮ್ಮ ಕಾಲದಲ್ಲಿ ಅ ಆ ಇ ಈ ಎಂದು ಸಾಲಾಗಿ ತಿದ್ದಿ, ಙ ಞಗಳನ್ನೂ ದಾಟಿ, ಕಾಗುಣಿತಕ್ಕೆ ಬರುವ ಹೊತ್ತಿಗೆ ಮಳೆಗಾಲ ಮುಗಿದು ದಸರಾ ರಜೆ ಬಂದಿರುತ್ತಿತ್ತು. ಅಷ್ಟಾದರೂ ಬಸ್ಸಿನ ಬೋರ್ಡಿನ ಮೇಲಿನ ಒಂದು ಪದ ಓದಲು ತಡವರಿಸುತ್ತಿದ್ದೆವು. ನಲಿ-ಕಲಿಯ ಮಗು ಮೊದಲು ಕಲಿಯುವುದು ಐದೇ ಅಕ್ಷರ: ರ, ಗ, ಸ, ದ, ಅ. ಐದೂ ಕೈಗೆ ಬಂದ ಕೂಡಲೇ ಅವನ್ನು ಜೋಡಿಸಿದರೆ ಪದ ಸಿಗುತ್ತದೆ. ಆಮೇಲೆ ಜ, ವ, ಮ, ಬ, ನ. ಆಗ ಜನ, ವನ, ಮರ, ಗಜ, ಬಸವ ಎಲ್ಲರೂ ಬರುತ್ತಾರೆ. ಹತ್ತು ಅಕ್ಷರ ಬಲ್ಲ ಮಗು 'ನನಗೆ ಓದಲು ಬರುತ್ತದೆ' ಎಂದು ಮನೆಗೆ ಹೋಗಿ ಹೇಳಬಹುದು. ಅದು ಸುಳ್ಳೂ ಅಲ್ಲ.

ವರ್ಣಮಾಲೆಯ ಕ್ರಮದ ಬಗ್ಗೆ ನನಗೆ ಗೌರವವಿದೆ. ಗಂಟಲಿನಿಂದ ತುಟಿಯವರೆಗೆ ದನಿ ಹುಟ್ಟುವ ಜಾಗಗಳನ್ನು ಹಿಡಿದು ಜೋಡಿಸಿದ ಸೊಗಸಾದ ಕ್ರಮ ಅದು. ಆದರೆ ಆ ಸೊಗಸು ತಿಳಿಯುವುದು ದೊಡ್ಡವರಿಗೆ. ಆರು ವರ್ಷದ ಮಗುವಿಗೆ ಬೇಕಾದದ್ದು ಓದಿದೆನೆಂಬ ಸಂತೋಷ, ಅದೂ ಬೇಗ. ಇದನ್ನು ಅರಿತವರು ಪಾಠ ಮಾಡಿ ಪಳಗಿದ ಮೇಷ್ಟ್ರುಗಳು. ನಲಿ-ಕಲಿ ಎಂಬ ಪದ್ಧತಿಯನ್ನು ಕಟ್ಟಿದವರೂ ಅವರೇ.

ನಲಿ-ಕಲಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಒಂದು ಕಡೆ ಕಬಿನಿಯ ಹಿನ್ನೀರು, ಇನ್ನೊಂದು ಕಡೆ ನಾಗರಹೊಳೆಯ ಕಾಡು. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು. ಕಾಫಿ ಕೊಯ್ಲಿನ ಕಾಲಕ್ಕೆ ಅಪ್ಪ-ಅಮ್ಮ ಕೊಡಗಿನ ತೋಟಗಳಿಗೆ ಹೊರಟರೆ ಮಕ್ಕಳೂ ಹಿಂದೆಯೇ ಹೊರಡುತ್ತವೆ. ತಿಂಗಳು ಬಿಟ್ಟು ಬಂದ ಮಗುವಿಗೆ ತರಗತಿಯಲ್ಲಿ ಕಾಣುವುದೇನು? ಪುಸ್ತಕ ನಾಲ್ಕು ಪಾಠ ಮುಂದೆ ಹೋಗಿದೆ. ಜೊತೆಯವರು ಕೂಡುವ ಲೆಕ್ಕ ಮುಗಿಸಿ ಕಳೆಯುವುದರಲ್ಲಿದ್ದಾರೆ. ಮಗು ಹಿಂದಿನ ಸಾಲಿಗೆ ಸರಿಯುತ್ತದೆ, ನಾಲ್ಕು ದಿನ ಸುಮ್ಮನೆ ಕೂರುತ್ತದೆ, ಐದನೆಯ ದಿನ ಬರುವುದಿಲ್ಲ. ಶಾಲೆಗೆ ಒಬ್ಬರೋ ಇಬ್ಬರೋ ಮೇಷ್ಟ್ರು, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ. ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಟ್ಟದ್ದನ್ನು ಹೇಳಿಕೊಡಲು ಅವರಿಗೆ ಮನಸ್ಸಿದ್ದರೂ ಹೊತ್ತಿರಲಿಲ್ಲ.

ಆ ತಾಲ್ಲೂಕಿನ ಶಿಕ್ಷಕರ ಒಂದು ತಂಡ ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿಬಂತು. ಜಿಡ್ಡು ಕೃಷ್ಣಮೂರ್ತಿಯವರ ಹೆಸರಿನ ಜೊತೆ ಬೆಸೆದುಕೊಂಡ ಸಂಸ್ಥೆ ಅದು. ಅದರ ಗ್ರಾಮೀಣ ಶಿಕ್ಷಣ ವಿಭಾಗದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಇಡೀ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದರು. ನಮ್ಮ ಮೇಷ್ಟ್ರುಗಳು ಅದನ್ನು ನೋಡಿ ಬೆರಗಾದರು. ಆದರೆ ನಕಲು ಮಾಡಲಿಲ್ಲ. ಊರಿಗೆ ಬಂದು ಒಟ್ಟಿಗೆ ಕೂತು ಕನ್ನಡಕ್ಕೆ ಹೊಂದುವ ಅಕ್ಷರಕ್ರಮ ಹುಡುಕಿದರು. ತಮ್ಮ ಸೀಮೆಯ ಹಾಡು, ಕಥೆ, ಒಗಟು, ಆಟಗಳನ್ನು ಕಾರ್ಡಿಗೆ ತಂದರು, ಚಿತ್ರ ಬರೆದರು, ತರಗತಿಯಲ್ಲಿ ಬಳಸಿ ನೋಡಿ ತಿದ್ದಿದರು. ಸರ್ಕಾರದ ಒಳಗೆ ಇದರ ಬೆನ್ನಿಗೆ ನಿಂತವರಲ್ಲಿ ಹಿರಿಯ ಅಧಿಕಾರಿ ಅನಿತಾ ಕೌಲ್ ಅವರನ್ನು ನೆನೆಯಬೇಕು. ಮೇಲಿನವರು ದಾರಿ ಬಿಟ್ಟುಕೊಟ್ಟರು, ಕೆಳಗಿನವರು ನಡೆದರು. ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಇದು ದಿನಾ ಆಗುವ ಸಂಗತಿಯಲ್ಲ.

ಈಗ ಒಳಗೆ ಹೋಗೋಣ. ಚಪ್ಪಲಿ ಹೊರಗೆ ಬಿಡಿ. ನಲಿ-ಕಲಿ ಕೋಣೆಯಲ್ಲಿ ಬೆಂಚುಗಳ ಸಾಲಿಲ್ಲ, ಎಲ್ಲರೂ ನೆಲದ ಮೇಲೆ ದುಂಡಗೆ ಕೂತಿರುತ್ತಾರೆ. ತಲೆಯ ಮೇಲೆ ದಾರ ಎಳೆದು ಕಟ್ಟಿದ 'ಚಪ್ಪರ'. ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಹಕ್ಕಿ, ತಿದ್ದಿದ ಅಕ್ಷರ ಎಲ್ಲವೂ ಅದಕ್ಕೆ ತೂಗುಬಿದ್ದಿರುತ್ತವೆ. ಗೋಡೆಯ ಕೆಳಭಾಗಕ್ಕೆ ಮಗುವಿನ ಕೈಗೆಟಕುವ ಎತ್ತರದಲ್ಲಿ ಕಪ್ಪು ಬಣ್ಣ ಬಳಿದು, ಒಬ್ಬೊಬ್ಬರಿಗೂ ಬರೆಯಲು ಜಾಗ ಹಂಚಲಾಗಿದೆ. ಅದರ ಮೇಲೆ 'ಕಲಿಕಾ ಏಣಿ'. ಇಡೀ ವರ್ಷ ಕಲಿಯಬೇಕಾದದ್ದನ್ನು ಮೈಲಿಗಲ್ಲುಗಳಾಗಿ, ಮೈಲಿಗಲ್ಲನ್ನು ಮೆಟ್ಟಿಲುಗಳಾಗಿ ಬಿಡಿಸಿ ಬರೆದ ಪಟ್ಟಿ ಅದು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ. ಆ ಚಿತ್ರವನ್ನು ಮೇಷ್ಟ್ರು ಲೋಗೋ ಎನ್ನುತ್ತಾರೆ. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಜಾಗ ಗುರುತಿಸುತ್ತದೆ, ಅದೇ ಚಿತ್ರವಿರುವ ಕಾರ್ಡನ್ನು ತಾನೇ ಹೋಗಿ ತೆಗೆದುಕೊಳ್ಳುತ್ತದೆ.

ಕಾರ್ಡಿನ ಜೊತೆಗೇ ಎಲ್ಲಿ ಕೂರಬೇಕೆಂಬುದೂ ತೀರ್ಮಾನವಾಗುತ್ತದೆ. ಗುಂಪುಗಳಿಗೆ 'ತಟ್ಟೆ' ಎಂದು ಹೆಸರು. ಹೊಸದನ್ನು ಕಲಿಯುವವರು ಶಿಕ್ಷಕರ ಎದುರಿನ ತಟ್ಟೆಯಲ್ಲಿ. ಅರ್ಧ ಗೊತ್ತಾದವರಿಗೆ ಶಿಕ್ಷಕರ ಒಂದಿಷ್ಟು ನೆರವು. ಮತ್ತೊಂದು ತಟ್ಟೆಯಲ್ಲಿ ಬಲ್ಲ ಗೆಳೆಯರು ಹೇಳಿಕೊಡುತ್ತಾರೆ. ಚೆನ್ನಾಗಿ ಬಂದವರು ತಾವೇ ಅಭ್ಯಾಸ ಮಾಡುತ್ತಾರೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಬೆರೆತು ಕೂರುವುದರಿಂದ ಮೂರನೆಯವಳು ಒಂದನೆಯವನ ಕೈ ಹಿಡಿದು 'ರ' ತಿದ್ದಿಸುವುದು ಇಲ್ಲಿ ಸಾಮಾನ್ಯ ನೋಟ. ಹೇಳಿಕೊಡುವವಳ ಕಲಿಕೆಯೂ ಆಗ ಗಟ್ಟಿಯಾಗುತ್ತದೆ. ಒಂದು ಮೈಲಿಗಲ್ಲು ದಾಟಿದಾಗ ಗೋಡೆಯ 'ಪ್ರಗತಿ ನೋಟ'ದಲ್ಲಿ ಹೆಸರಿನ ಮುಂದೆ ಗುರುತು ಬೀಳುತ್ತದೆ.

ಕಾಫಿ ತೋಟದಿಂದ ತಿಂಗಳ ಮೇಲೆ ಮರಳಿ ಬಂದ ಮಗುವನ್ನು ಈ ಕೋಣೆಯಲ್ಲಿ ನೆನೆದುಕೊಳ್ಳಿ. ಅದು ಏಣಿಯ ಮುಂದೆ ನಿಂತು ತಾನು ಬಿಟ್ಟ ಚಿತ್ರವನ್ನು ಹುಡುಕುತ್ತದೆ, ಕಾರ್ಡು ತೆಗೆದು ತಟ್ಟೆಯಲ್ಲಿ ಕೂರುತ್ತದೆ. ಪಾಠ ಅಲ್ಲೇ ನಿಂತು ಅದಕ್ಕಾಗಿ ಕಾದಿದೆ. ಯಾರೂ 'ಎಲ್ಲಿ ಹಾಳಾಗಿ ಹೋಗಿದ್ದೆ' ಎನ್ನಬೇಕಿಲ್ಲ. ನಲಿ-ಕಲಿಯ ಹಾಡು, ಕುಣಿತ, ಬಣ್ಣಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ಮಟ್ಟಿಗೆ ಅದರ ಜೀವ ಇರುವುದು ಈ ಕಾಯುವಿಕೆಯಲ್ಲಿ.

2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಮರುವರ್ಷ ಮೂರನೆಯದಕ್ಕೂ ನಲಿ-ಕಲಿ ಬಂತು. ಹೆಗ್ಗಡದೇವನಕೋಟೆಯ ಮೇಷ್ಟ್ರಿಗೆ ಅದು ತಾವು ಬೆವರು ಸುರಿಸಿ ಕಟ್ಟಿದ ಮನೆ. ದೂರದ ಜಿಲ್ಲೆಯ ಮೇಷ್ಟ್ರಿಗೆ ಅದು ಸುತ್ತೋಲೆಯ ಜೊತೆ ಬಂದ ಪೆಟ್ಟಿಗೆ. ತರಬೇತಿ ಚೆನ್ನಾಗಿ ಸಿಕ್ಕಿದಲ್ಲಿ, ಕಾರ್ಡು ಹರಿದಾಗ ಹೊಸದು ಸಿಕ್ಕಿದಲ್ಲಿ ತರಗತಿ ಅರಳಿತು. ಮೇಷ್ಟ್ರ ಹುದ್ದೆ ಖಾಲಿ ಬಿದ್ದಲ್ಲಿ, ಇದ್ದ ಒಬ್ಬರೇ ಮೊಟ್ಟೆ-ಹಾಲಿನ ಲೆಕ್ಕ, ಗಣತಿ, ಸಭೆ ಎಂದು ಓಡಾಡುವಲ್ಲಿ ತಟ್ಟೆಗಳು ಬರೀ ಗುಂಪುಗಳಾದವು. ತಂದೆ-ತಾಯಿಯ ದೂರೂ ಇದೆ: ಮೂರನೇ ಕ್ಲಾಸಿನ ಹುಡುಗ ಒಂದನೇ ಕ್ಲಾಸಿನವರ ಜೊತೆ ಕೂತಿದ್ದಾನೆ, ಎಷ್ಟು ಪಾಠ ಆಯಿತು ಅಂದರೆ ಹೇಳಲು ಬರುವುದಿಲ್ಲ. ಅವರ ಆತಂಕವನ್ನು ತಳ್ಳಿಹಾಕಲಾರೆ. ಆದರೆ ದೋಷ ಪದ್ಧತಿಯದ್ದಲ್ಲ, ಮೇಷ್ಟ್ರನ್ನು ಕೊಡದೆ ಪದ್ಧತಿಯನ್ನಷ್ಟೇ ಕೊಟ್ಟವರದ್ದು ಎಂದು ಸ್ಪಷ್ಟವಾಗಿ ಹೇಳಬಲ್ಲೆ.

ಸಂಜೆ ಗಂಟೆ ಹೊಡೆದ ಮೇಲಿನ ಶಾಲೆಯೂ ಒಂದಿದೆ. ಮಕ್ಕಳ ಬಿಡುವಿನ ಹೊತ್ತಿಗೆ ಬೆಲೆ ಕೊಟ್ಟ ಹಿರಿಯರು ನಮ್ಮಲ್ಲಿದ್ದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಸೇರಿಸಿ ನಾಟಕ, ಕುಣಿತ, ಚಿತ್ರಗಳ ಪ್ರಯೋಗ ನಡೆಸಿದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ ಮಕ್ಕಳ ಕೂಟ ಕಟ್ಟಿದರು. ಧಾರವಾಡದ ನಾ.ಸು. ಹರ್ಡೀಕರರು 1923ರಲ್ಲಿ ಆರಂಭಿಸಿದ ಸೇವಾದಳದ ಪರಂಪರೆ ಭಾರತ ಸೇವಾದಳವಾಗಿ ಇಂದಿಗೂ ನಮ್ಮ ಶಾಲೆಗಳಲ್ಲಿದೆ. ಚಿಕ್ಕ ಮಕ್ಕಳಿಗೆ ಕಬ್, ಬುಲ್‌ಬುಲ್ ದಳಗಳಿವೆ. ಪರಿಸರ ಕೂಟವಿದ್ದ ಕಡೆ ಬಿಸಿಯೂಟದ ಸಾರಿಗೆ ಮಕ್ಕಳೇ ಬೆಳೆದ ಸೊಪ್ಪು ಬೀಳುತ್ತದೆ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ಸಂಜೆಯಿಡೀ ಕಥೆ ಹೇಳುವ, ಕಂಠಪಾಠ ಒಪ್ಪಿಸುವ, ಮಣ್ಣಿನಲ್ಲಿ ಗಣಪತಿ, ಎತ್ತು ಮಾಡುವ ತಾಲೀಮು.

ಇವುಗಳಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸಿರುವುದು ಗ್ರಾಮ ಪಂಚಾಯಿತಿಯ ಗ್ರಂಥಾಲಯ. ರಾಜ್ಯದ 5,000ಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದ ಹೊತ್ತಿನಲ್ಲೇ, 'ಓದುವ ಬೆಳಕು' ಎಂಬ ಹೆಸರಿನಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಕೆಲಸ ಶುರುವಾಯಿತು. ಅಲ್ಲಿಯವರೆಗೆ ಊರಿನ ನಾಲ್ಕು ಜನ ಹಿರಿಯರು ಪತ್ರಿಕೆ ಓದಿ ಎದ್ದು ಹೋಗುತ್ತಿದ್ದ ಕೋಣೆಗಳಿಗೆ ಮಕ್ಕಳ ಸದ್ದು ಬಂತು. ಈಗ ಇವನ್ನು ಅರಿವು ಕೇಂದ್ರ ಎಂದು ಕರೆಯುತ್ತಾರೆ. ಶಾಲೆ ಬಿಟ್ಟ ಮೇಲೆ ಚೀಲ ಹೊತ್ತೇ ಅಲ್ಲಿಗೆ ಓಡುವ ಮಕ್ಕಳಿದ್ದಾರೆ. ಬೆಳಗ್ಗೆ ಏಣಿ ನೋಡಿ ತನ್ನ ಕಾರ್ಡು ತಾನೇ ತೆಗೆದುಕೊಂಡು ರೂಢಿಯಾದ ಮಗು ಸಂಜೆ ಕಪಾಟಿನ ಮುಂದೆ ನಿಂತು ತನ್ನ ಪುಸ್ತಕವನ್ನು ತಾನೇ ಆರಿಸುತ್ತದೆ. ಯಾರ ಅಪ್ಪಣೆಗೂ ಕಾಯುವುದಿಲ್ಲ.

ನಿಮ್ಮೂರಿನ ಸರ್ಕಾರಿ ಶಾಲೆಗೆ ಒಂದು ಬೆಳಗ್ಗೆ ಹೋಗಿ. ಮುಖ್ಯ ಶಿಕ್ಷಕರ ಅನುಮತಿ ಕೇಳಿ ನಲಿ-ಕಲಿ ಕೋಣೆಯ ನೆಲದ ಮೇಲೆ ಕೂತು, ಪಕ್ಕದ ಮಗುವನ್ನು 'ನೀನು ಯಾವ ಮೆಟ್ಟಿಲಲ್ಲಿದ್ದೀಯ?' ಎಂದು ಕೇಳಿ. ಮಗು ಎದ್ದು ಹೋಗಿ ಗೋಡೆಯ ಮೇಲೆ ತೋರಿಸುತ್ತದೆ. ಕಾರ್ಡುಗಳು ಹರಿದಿವೆಯೇ, ಮೇಷ್ಟ್ರ ಹುದ್ದೆ ಖಾಲಿ ಇದೆಯೇ ನೋಡಿ, ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಆ ಮಾತೆತ್ತಿ. ವಾರಕ್ಕೊಂದು ಸಂಜೆ ಬಿಡುವಿದ್ದರೆ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಒಂದು ಕಥೆ ಓದಿ ಹೇಳಿ.