ಕಳವು, ಕನ್ನ, ಸುಲಿಗೆ

ಇಂಗ್ಲಿಷಿನ ಥೆಫ್ಟ್, ಬರ್ಗ್ಲರಿ, ರಾಬರಿ, ಡಕಾಯಿಟಿ ಎಲ್ಲಕ್ಕೂ ಕನ್ನಡದಲ್ಲಿ ‘ಕಳ್ಳತನ’ ಎಂದು ಬರೆದುಬಿಡುವುದುಂಟು. ಹೋದ ಮಾಲು ಒಂದೇ ಆದರೂ ಹೋದ ಬಗೆ ಬೇರೆಯಾದರೆ ಹೆಸರೂ ಬೇರೆ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂಥ ತೆಂಗಿನ ಸೀಮೆಯಲ್ಲಿ ಇದನ್ನು ಕಾಯಿ, ಕೊಬ್ಬರಿಗಳಿಂದಲೇ ತಿಳಿಯಬಹುದು.

ಒಡೆಯನ ಒಪ್ಪಿಗೆಯಿಲ್ಲದೆ, ಲಪಟಾಯಿಸುವ ಉದ್ದೇಶದಿಂದ ಚರವಸ್ತುವನ್ನು ಕದಲಿಸಿದರೆ ಅದು ಥೆಫ್ಟ್, ಅಂದರೆ ಕಳವು. ಮರದಲ್ಲಿರುವ ಕಾಯಿ ನೆಲಕ್ಕೆ ಸೇರಿದ್ದು, ಚರವಸ್ತುವಲ್ಲ. ಗೊನೆಯಿಂದ ಕಿತ್ತ ಕ್ಷಣವೇ ಅದು ಚರವಸ್ತು. ಕಿತ್ತ ಕೈಯೇ ಕದ್ದ ಕೈ. 1860ರ ದಂಡ ಸಂಹಿತೆಯ ಈ ವಿವರಣೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲೂ ಉಳಿದಿದೆ.

ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗುವ ಕಾಯಿಗಾಗಿ ಬೀಗ ಮುರಿದು ನುಗ್ಗಿದರೆ ಬರ್ಗ್ಲರಿ, ಅಂದರೆ ಕನ್ನ. ಕನ್ನವೆಂದರೆ ಕಳ್ಳ ಗೋಡೆಯಲ್ಲಿ ಕೊರೆದ ಕಂಡಿ. ಗೋಡೆ ಕೊರೆಯುವ ಕಾಲ ಹೋಗಿದ್ದರೂ ಪೊಲೀಸರ ಕಡತದಲ್ಲಿ ಅದು ಇಂದಿಗೂ ‘ಕನ್ನ ಕಳವು’. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಂತೂ ರಾತ್ರಿ ಹೊತ್ತು ವಾಸದ ಮನೆಗೆ ನುಗ್ಗಿದರೆ ಮಾತ್ರ ಬರ್ಗ್ಲರಿ. ಕದಿಯುವ ಉದ್ದೇಶವಿದ್ದರೆ ಸಾಕು, ಬರಿಗೈಲಿ ಹೋದರೂ ಅಪರಾಧವೇ.

ರಾಬರಿಯಲ್ಲಿ ಒಡೆಯ ಎದುರಿಗೇ ಇರುತ್ತಾನೆ. ಹೊಡೆದೋ, ಈಗಲೇ ಹೊಡೆಯುವೆನೆಂದು ಹೆದರಿಸಿಯೋ ಕಿತ್ತುಕೊಳ್ಳುವುದು ಅದು. ಇದಕ್ಕೆ ಕನ್ನಡದ ‘ಸುಲಿಗೆ’ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದನ್ನು ತೆಂಗಿನ ತೋಟದಲ್ಲೇ ನೋಡಬೇಕು. ನೆಲದಲ್ಲಿ ನೆಟ್ಟ ಹಾರೆಯ ಮೊನೆಗೆ ಕಾಯಿಯನ್ನು ಕುಕ್ಕಿ, ಮೈಭಾರ ಹಾಕಿ ತಿರುಚಿದರೆ ಮಟ್ಟೆ ಬಿಚ್ಚಿಕೊಳ್ಳುತ್ತದೆ. ಕಾಯಿ ಸುಲಿಯುವ ಆ ‘ಸುಲಿ’ಯೇ ಸುಲಿಗೆಯ ಬೇರು. ಹಣ ಕೊಡದಿದ್ದರೆ ಮುಂದೊಂದು ದಿನ ತೋಟ ಸುಡುತ್ತೇವೆಂದು ಬೆದರಿಸಿ ವಸೂಲಿ ಮಾಡಿದರೆ ಅದು ಎಕ್ಸ್‌ಟಾರ್ಷನ್. ಅಲ್ಲಿ ಹೆದರಿದವನೇ ಕೈಯಾರೆ ಕೊಡುತ್ತಾನೆ. ಇದನ್ನೂ ಸುಲಿಗೆ ಎನ್ನುವುದರಿಂದ ಗೊಂದಲವಾಗುತ್ತದೆ. ‘ಬೆದರಿಕೆ ವಸೂಲಿ’ ಎಂದರೆ ಸ್ಪಷ್ಟ.

ಐವರು ಅಥವಾ ಹೆಚ್ಚು ಮಂದಿ ಕೂಡಿ ರಾಬರಿಗಿಳಿದರೆ ಡಕಾಯಿತಿ. ಸ್ಥಳದಲ್ಲಿದ್ದು ನೆರವಾದವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಇಂಗ್ಲಿಷಿಗೆ ಈ ಪದ ಹೋದದ್ದೇ ಹಿಂದಿಯಿಂದ. ಪತ್ರಿಕೆಗಳ ‘ದರೋಡೆ’ ಮಾತ್ರ ಒಮ್ಮೆ ರಾಬರಿ, ಒಮ್ಮೆ ಡಕಾಯಿತಿ.

ಸ್ಟೀಲ್ ಮತ್ತು ರಾಬ್ ಎಂಬ ಕ್ರಿಯಾಪದಗಳಲ್ಲಿ ವಿದ್ಯಾರ್ಥಿಗಳು ಎಡವುವುದು ಹೆಚ್ಚು. ಸ್ಟೀಲ್ ಮಾಡುವುದು ಕೊಬ್ಬರಿಯನ್ನು, ರಾಬ್ ಮಾಡುವುದು ರೈತನನ್ನು. ಕನ್ನಡದ ಕಿವಿಗೂ ಈ ಭೇದ ಗೊತ್ತಿದೆ: ಕೊಬ್ಬರಿ ಕದ್ದರು ಎನ್ನುತ್ತೇವೆ, ರೈತನನ್ನು ಸುಲಿದರು ಎನ್ನುತ್ತೇವೆ.