ಬಂಡೆ ಹತ್ತುವವರ ಲಗೇಜು

70 ಮೀಟರ್ ಉದ್ದದ ಹಗ್ಗ ನಾಲ್ಕು ಕಿಲೋಗೂ ಮೇಲೆ ತೂಗುತ್ತದೆ. ಅದರ ಜೊತೆಗೆ ಕ್ವಿಕ್‌ಡ್ರಾಗಳು ಬೇಕು, ಅಂದರೆ ಬಂಡೆಯಲ್ಲಿ ಕೂಡಿಸಿದ ಬೋಲ್ಟಿಗೂ ಹಗ್ಗಕ್ಕೂ ನಡುವೆ ಸಿಕ್ಕಿಸುವ ಜೋಡಿ ಕೊಂಡಿಗಳು. ಒಂದೊಂದೂ 100 ಗ್ರಾಂ ಆಸುಪಾಸು. ಅಂಥವು ಹದಿನಾರಾದರೂ ಇರಬೇಕು. ಸೊಂಟಕ್ಕೆ ಕಟ್ಟುವ ಹಾರ್ನೆಸ್ಸು, ಹೆಲ್ಮೆಟ್ಟು, ಹಗ್ಗವನ್ನು ತಡೆದು ಹಿಡಿಯುವ ಬಿಲೇ ಸಾಧನ, ಶೂ, ಸ್ಲಿಂಗು ಎನ್ನುವ ಪಟ್ಟಿಯ ಕುಣಿಕೆಗಳು ಎಲ್ಲ ಸೇರಿದರೆ ತೂಕ ಎಂಟು ಕಿಲೋ ಹತ್ತಿರ ಬರುತ್ತದೆ. ಬಟ್ಟೆಬರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಮ್ಮಲ್ಲಿಂದ ಹೊರಡುವ ಹೆಚ್ಚಿನ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ ಇರುವ ಮಿತಿ 7 ಕಿಲೋ. ಹಾಗಾಗಿ ಸಾಮಾನನ್ನು ಎರಡಾಗಿ ಒಡೆಯಲೇಬೇಕು: ಒಂದು ಪಾಲು ನಮ್ಮ ಜೊತೆ ಮೇಲೆ, ಇನ್ನೊಂದು ವಿಮಾನದ ಹೊಟ್ಟೆಯೊಳಗೆ.

ನಾನು ರಾಮನಗರದ ಬಂಡೆಗಳಲ್ಲಿ ಹತ್ತುವುದನ್ನು ಕಲಿತವಳು, ಈಗ ಬೆಂಗಳೂರಿನಲ್ಲಿ ಅದನ್ನೇ ಕಲಿಸುತ್ತೇನೆ. ಚಳಿಗಾಲದಲ್ಲಿ ಶಿಷ್ಯರನ್ನು ಥಾಯ್ಲೆಂಡಿನ ಕ್ರಾಬಿ ಪ್ರಾಂತ್ಯದ ರೈಲೇಗೆ ಕರೆದುಕೊಂಡು ಹೋಗುತ್ತೇನೆ. ಹೊರಡುವ ಮೊದಲು ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ಸಾಮಾನೆಲ್ಲ ನೆಲದ ಮೇಲೆ ಹರಡುತ್ತೇನೆ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ಟೀವಿಯಲ್ಲಿ ನೋಡಿದವರಿಗೆ ಈ ರಾಶಿ ಕಂಡರೆ ಆಶ್ಚರ್ಯ. ಒಬ್ಬ ಹುಡುಗಿಯ ತಾಯಿ ನೇರವಾಗಿ ಕೇಳಿದರು: “ಇಷ್ಟೊಂದು ಕಬ್ಬಿಣ ಹೊತ್ಕೊಂಡು ಹೋದ್ರೆ ಏರ್‌ಪೋರ್ಟಲ್ಲಿ ಹಿಡ್ಯಲ್ವಾ ಮೇಡಂ?”

“ಕಬ್ಬಿಣ ಅಲ್ಲಮ್ಮ, ಅಲ್ಯೂಮಿನಿಯಂ. ಹಿಡ್ಕೊಂಡು ನೋಡಿ” ಅಂತ ಒಂದು ಕೊಂಡಿಯನ್ನು, ನಾವು ಕ್ಯಾರಬೀನರ್ ಎನ್ನುವುದನ್ನು, ಅವರ ಅಂಗೈಗಿಟ್ಟೆ. ಅಷ್ಟು ಹಗುರವಾದದ್ದು ಎರಡು ಸಾವಿರ ಕಿಲೋ ಭಾರಕ್ಕೂ ಮುರಿಯುವುದಿಲ್ಲ ಎಂದಾಗ ಅವರು ಅದನ್ನು ಇನ್ನೊಮ್ಮೆ ತೂಗಿ ನೋಡಿದರು.

ಅವರ ಪ್ರಶ್ನೆ ಮಾತ್ರ ಸರಿಯಾದದ್ದೇ. ಒಂದರ ಮೇಲೊಂದು ಬಿದ್ದ ಲೋಹದ ಕೊಂಡಿಗಳು, ಸುತ್ತಿದ ಹಗ್ಗ, ಪಕ್ಕದಲ್ಲಿ ಬಿಳಿ ಪುಡಿಯ ಪೊಟ್ಟಣ: ಎಕ್ಸ್‌ರೇ ಪರದೆಯಲ್ಲಿ ಇವನ್ನು ನೋಡಿದ ಸಿಬ್ಬಂದಿ ಬ್ಯಾಗು ತೆರೆಸದಿದ್ದರೆ ಅವರು ತಮ್ಮ ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ. ತೆರೆಸಲಿ. ತೆರೆದಾಗ ಯಾವುದು ಏನು ಎಂದು ಕಾಣುವ ಹಾಗೆ ಜೋಡಿಸುವುದು ನಮ್ಮ ಕೆಲಸ. ಕ್ವಿಕ್‌ಡ್ರಾಗಳನ್ನು ಒಂದೇ ಸ್ಲಿಂಗಿಗೆ ಸಾಲಾಗಿ ಪೋಣಿಸಿ ಜಾಳಿಗೆ ಚೀಲದಲ್ಲಿಡುತ್ತೇವೆ. ಮಕ್ಕಳಿಗೆ ನಾನು ಹೇಳಿಕೊಡುವ ಉತ್ತರವೂ ಒಂದೇ ಸಾಲಿನದು: “ಸರ್, ಇದು ಬಂಡೆ ಹತ್ತೋ ಸಾಮಾನು, ಕೈ ಬೆವರದೆ ಇರಲಿ ಅಂತ ಈ ಪುಡಿ.” ಫೋನಿನಲ್ಲಿ ತಾವೇ ಹತ್ತುತ್ತಿರುವ ಒಂದು ಫೋಟೋ ಇದ್ದರೆ ಅರ್ಧ ಮಾತು ಉಳಿಯುತ್ತದೆ.

ಆ ಪುಡಿ, ನಾವು ಚಾಕ್ ಎನ್ನುವುದು, ಮೆಗ್ನೀಸಿಯಂ ಕಾರ್ಬೊನೇಟ್. ಸ್ಫೋಟಿಸುವುದಿಲ್ಲ, ಉರಿಯುವುದಿಲ್ಲ. ಆದರೂ ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹೋಗುವ ವಿಮಾನಗಳಲ್ಲಿ ಕೈಚೀಲದ ಪುಡಿಪದಾರ್ಥಗಳ ಮೇಲೆ 2018ರ ಜೂನ್ 30ರಿಂದ ಕಟ್ಟುನಿಟ್ಟು ಬಂದಿದೆ. ಅಳತೆ ಸುಮಾರು 350 ಮಿಲಿಲೀಟರ್. ಥಾಯ್ಲೆಂಡಿಗೆ ಹೋಗುವಾಗಲೂ ನಾವು ಚಾಕನ್ನು ಕೆಳಗೇ ಹಾಕುತ್ತೇವೆ, ಅದೂ ಸಡಿಲ ಪುಡಿಯಲ್ಲ, ಕಂಪನಿಯ ಕಾಗದ ಬಿಚ್ಚದ ಬ್ಲಾಕು. ದ್ರವರೂಪದ ಚಾಕ್ ಒಯ್ಯುವುದಿಲ್ಲ. ಅದರಲ್ಲಿ ಆಲ್ಕೋಹಾಲ್ ಇರುತ್ತದೆ.

ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದಕ್ಕೆ ನಾನು ಕೇಳಿಕೊಳ್ಳುವುದು ಇಷ್ಟೇ: ಲಗೇಜು ಬಾರದೆ ಹೋದರೆ ಯಾವುದಿಲ್ಲದೆ ಹತ್ತಲಿಕ್ಕೇ ಆಗುವುದಿಲ್ಲ? ರೈಲೇಯಲ್ಲಿ ಹಗ್ಗ, ಕ್ವಿಕ್‌ಡ್ರಾ, ಹೆಲ್ಮೆಟ್ಟು ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಶೂಗಳೂ ಸಿಗುತ್ತವೆ, ಆದರೆ ವರ್ಷಗಟ್ಟಲೆ ಹಾಕಿ ನಮ್ಮ ಪಾದಕ್ಕೆ ಪಳಗಿದ ಶೂ ಯಾವ ಅಂಗಡಿಯಲ್ಲೂ ಸಿಗದು. ಆದ್ದರಿಂದ ಶೂ ಮತ್ತು ಹಾರ್ನೆಸ್ಸು ನನ್ನ ಕೈಚೀಲದಲ್ಲಿ. ಇವೆರಡೂ ಸೇರಿ ಒಂದು ಕಿಲೋ ಆಗುವುದಿಲ್ಲ. ಲೋಹದ ಸಾಮಾನೆಲ್ಲ ಕೆಳಗೆ. ಚಾಕು, ಸುತ್ತಿಗೆ ಇದ್ದರೆ ಅವೂ ಕೆಳಗೇ. ಹಿಮಪರ್ವತಕ್ಕೆ ಹೋಗುವವರ ಐಸ್ ಆಕ್ಸ್, ಕ್ರ್ಯಾಂಪನ್ನುಗಳ ಮೊನೆಗೆ ಕವಚ ಹಾಕಿ ಕೆಳಗೆ ಕೊಡಬೇಕು. ಒಲೆಯ ಗ್ಯಾಸ್ ಕ್ಯಾನಿಗೆ ಮೇಲೂ ಜಾಗವಿಲ್ಲ, ಕೆಳಗೂ ಇಲ್ಲ. ಪವರ್ ಬ್ಯಾಂಕು, ಹೆಡ್‌ಲ್ಯಾಂಪಿನ ಹೆಚ್ಚುವರಿ ಲಿಥಿಯಂ ಬ್ಯಾಟರಿಗಳು ಮಾತ್ರ ಕೈಚೀಲದಲ್ಲೇ ಇರಬೇಕು. ಪವರ್ ಬ್ಯಾಂಕಿನ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74, ಹಾಗಾಗಿ ತೊಂದರೆಯಿಲ್ಲ.

ಹಗ್ಗದ ವಿಷಯವನ್ನು ನಾನು ಬೇರೆಯಾಗಿಯೇ ಹೇಳುತ್ತೇನೆ, ಮಕ್ಕಳಿಗೂ ಅವರ ಮನೆಯವರಿಗೂ. ನಮ್ಮ ಹಗ್ಗ ನೈಲಾನಿನದು. ಬಿದ್ದವರನ್ನು ಜಗ್ಗಿ ನಿಲ್ಲಿಸುವ ಬದಲು ಹಿಗ್ಗಿ ನಿಲ್ಲಿಸುವಂತೆ ಅದನ್ನು ಹೆಣೆದಿರುತ್ತಾರೆ. ಪ್ರಯೋಗಾಲಯದಲ್ಲಿ 80 ಕಿಲೋ ಭಾರವನ್ನು ಮತ್ತೆ ಮತ್ತೆ ಬೀಳಿಸಿ, ಕಡಿಮೆಯೆಂದರೆ ಐದು ಬೀಳುವಿಕೆಯನ್ನು ತಾಳಿದ ಮೇಲೆಯೇ ಸಿಂಗಲ್ ರೋಪ್ ಎಂಬ ಮುದ್ರೆ ಬೀಳುತ್ತದೆ. ಇಷ್ಟು ಗಟ್ಟಿಯಾದ ನೈಲಾನ್ ಆಸಿಡ್ಡಿಗೆ ಸೋಲುತ್ತದೆ. ಕಾರಿನ ಬ್ಯಾಟರಿಯಲ್ಲಿರುವ ಸಲ್ಫ್ಯೂರಿಕ್ ಆಸಿಡ್ ತಗುಲಿದ ಹಗ್ಗ, ಬಣ್ಣ ಮಾಸದೆ, ಒರಟಾಗದೆ, ಒಳಗೊಳಗೇ ಶಕ್ತಿ ಕಳೆದುಕೊಂಡಿರಬಹುದು. ಕಣ್ಣಿಗೆ ಕಾಣದು, ಕೈಗೆ ಸಿಗದು. ವಿಮಾನದ ಹೊಟ್ಟೆಯಲ್ಲಿ, ಟ್ರಾಲಿಯ ಮೇಲೆ, ಟ್ಯಾಕ್ಸಿಯ ಡಿಕ್ಕಿಯಲ್ಲಿ ನಮಗಿಂತ ಮೊದಲು ಏನು ಸೋರಿತ್ತೋ ಯಾರಿಗೆ ಗೊತ್ತು? ಆದ್ದರಿಂದ ಹಗ್ಗವನ್ನು ಅದರ ಚೀಲದಲ್ಲಿಟ್ಟು, ಆ ಚೀಲವನ್ನು ಬಾಯಿ ಮಡಚುವ ನೀರು ನುಗ್ಗದ ಚೀಲದೊಳಗೆ ಹಾಕಿ, ಆಮೇಲೆ ಡಫಲ್ ಬ್ಯಾಗಿನ ನಟ್ಟನಡುವೆ ಬಟ್ಟೆಗಳ ನಡುವೆ ಕೂರಿಸುತ್ತೇವೆ. ಜಾಗ ಉಳಿಸಲು ಹಗ್ಗವನ್ನು ಬ್ಯಾಗಿನ ಹೊರಗೆ ಕಟ್ಟುವುದನ್ನು ನಾನು ಒಪ್ಪುವುದೇ ಇಲ್ಲ. ತೂಕ ಮೀರಿದರೆ ದುಡ್ಡು ಕಟ್ಟಿದರಾಯಿತು.

ಹಗ್ಗವನ್ನು ಕ್ಯಾಬಿನ್ನಿನಲ್ಲೇ ಒಯ್ಯಬಾರದೇಕೆ ಎಂದು ಕೇಳುವವರಿದ್ದಾರೆ. ಕೆಲವು ಕಡೆ ಬಿಡುತ್ತಾರೆ. ಕೊನೆಯ ಮಾತು ಮಾತ್ರ ಆ ಹೊತ್ತಿಗೆ ಅಲ್ಲಿರುವ ಅಧಿಕಾರಿಯದು. ಸೆಕ್ಯುರಿಟಿಯ ತುದಿಯಲ್ಲಿ ನಿಂತು, ಹಗ್ಗ ಬಿಟ್ಟು ಹೋಗಬೇಕೋ ವಿಮಾನ ಬಿಡಬೇಕೋ ಎಂದು ಯೋಚಿಸುವ ಸ್ಥಿತಿಗೆ ಮಕ್ಕಳನ್ನು ತರಲು ನನಗೆ ಇಷ್ಟವಿಲ್ಲ.

ಬ್ಯಾಗು ಬಾರದಿದ್ದರೆ? ಬೆಲ್ಟಿನ ಬಳಿ ನಿಂತಿರುವಾಗಲೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ದೂರು ಬರೆಸಿ, ಅದರ ನಂಬರು ಪಡೆದೇ ಹೊರಗೆ ಕಾಲಿಡಬೇಕು. ಭಾರತ, ಥಾಯ್ಲೆಂಡ್ ಎರಡೂ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ದೇಶಗಳು. ಅದರ ಪ್ರಕಾರ ಬ್ಯಾಗು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತವಾಗಿ ತಿಳಿಸಬೇಕು. ಒಬ್ಬ ಪ್ರಯಾಣಿಕರಿಗೆ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ), ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಇದು ಮಿತಿ ಮಾತ್ರ, ತಾನಾಗಿ ಕೈಗೆ ಬರುವ ಮೊತ್ತವಲ್ಲ. ಸಾಮಾನಿನ ಬೆಲೆಯನ್ನು ನಾವೇ ತೋರಿಸಬೇಕು. ಅದಕ್ಕೇ ಪ್ಯಾಕ್ ಮಾಡುವ ಮುನ್ನ ಎಲ್ಲವನ್ನೂ ನೆಲದ ಮೇಲೆ ಹರಡಿ ಫೋಟೋ ತೆಗೆಯಿರಿ, ಬಿಲ್ಲುಗಳನ್ನು ಎಸೆಯಬೇಡಿ ಎನ್ನುವುದು.

ರೈಲೇ ಮುಟ್ಟಲು ದೋಣಿಯೇ ಬೇಕು. ಭೂಮಿಗೆ ಅಂಟಿಕೊಂಡೇ ಇದ್ದರೂ ಸುಣ್ಣಕಲ್ಲಿನ ಗೋಡೆಗಳು ಅದನ್ನು ರಸ್ತೆಯಿಂದ ಕಡಿದುಬಿಟ್ಟಿವೆ. ಉದ್ದಬಾಲದ ದೋಣಿಯಿಂದ ಇಳಿಯುವಾಗ ಎಷ್ಟೋ ಸಲ ಮೊಣಕಾಲು ಮುಳುಗುವ ನೀರು, ತಲೆಯ ಮೇಲೆ ಬ್ಯಾಗು. ವಿಮಾನಕ್ಕೆಂದು ಹಾಕಿದ ನೀರು ನುಗ್ಗದ ಚೀಲ ಅಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ಸಮುದ್ರದ ಉಪ್ಪಿನ ಗಾಳಿಗೆ ಅಲ್ಲಿನ ಬಂಡೆಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳೇ ಬಿರುಕು ಬಿಟ್ಟು, ಅವುಗಳ ಜಾಗಕ್ಕೆ ಟೈಟಾನಿಯಂ ಬೋಲ್ಟುಗಳನ್ನು ಅಂಟಿಸುತ್ತಾ ಬಂದಿದ್ದಾರೆ. ಆ ಉಪ್ಪು ನಮ್ಮ ಕ್ಯಾರಬೀನರುಗಳನ್ನೂ ಬಿಡುವುದಿಲ್ಲ. ವಾಪಸು ಹೊರಡುವ ಹಿಂದಿನ ದಿನ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುತ್ತೇವೆ. ಒದ್ದೆ ಹಗ್ಗ ಕಟ್ಟಿದರೆ ತೂಕವೂ ಹೆಚ್ಚು, ಮುಗ್ಗುಲು ವಾಸನೆಯೂ ಉಚಿತ.

ಬಂಡೆ ಹತ್ತಲೆಂದು ನಮ್ಮ ಬಾದಾಮಿಗೆ, ಹಂಪಿಗೆ ಬರುವ ವಿದೇಶಿ ಗೆಳೆಯರಿಗೆ ನಾನು ಮುಂಚೆಯೇ ಬರೆದು ತಿಳಿಸುವ ಸಂಗತಿಯೊಂದಿದೆ. ಅವರಲ್ಲಿ ಅನೇಕರು ಬೆಟ್ಟದಲ್ಲಿ ಅಪಾಯವಾದರೆ ಇರಲಿ ಎಂದು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇಟ್ಟುಕೊಂಡಿರುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ತರುವುದು, ಬಳಸುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಬಂಧನಕ್ಕೆ ಒಳಗಾದವರಿದ್ದಾರೆ. ಮನೆಯಲ್ಲೇ ಬಿಟ್ಟು ಬನ್ನಿ, ಬಾದಾಮಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆ ಎನ್ನುತ್ತೇನೆ.

ಇನ್ನು ನಮ್ಮವರು ಮರಳಿ ಬೆಂಗಳೂರಿಗೆ ಇಳಿದಾಗ. ಹೊಸದರಂತೆ ಹೊಳೆಯುವ ಸಾಮಾನು ಕಂಡರೆ ಇದನ್ನು ಹೊರಗೆ ಕೊಂಡದ್ದೇ ಎಂದು ಕಸ್ಟಮ್ಸ್‌ನವರು ಕೇಳಬಹುದು. ಬೆಲೆಬಾಳುವ ವಸ್ತುಗಳನ್ನು ಹೊರಡುವಾಗಲೇ ಅವರಿಗೆ ತೋರಿಸಿ, ಇವು ಇಲ್ಲಿಂದಲೇ ಹೋದವು ಎಂಬ ಪ್ರಮಾಣಪತ್ರ ಪಡೆಯಲು ಅವಕಾಶವಿದೆ. ಅದಕ್ಕಾಗಿ ಅರ್ಧ ಗಂಟೆ ಮುಂಚೆ ನಿಲ್ದಾಣ ಸೇರಿಕೊಳ್ಳಿ, ಮತ್ತು ಬ್ಯಾಗು ಚೆಕ್-ಇನ್ ಮಾಡುವ ಮೊದಲೇ ಆ ಕೆಲಸ ಮುಗಿಸಿ; ಬೆಲ್ಟಿನ ಮೇಲೆ ಹೋದ ಬ್ಯಾಗನ್ನು ಮತ್ತೆ ತರಿಸಿ ತೋರಿಸುವುದು ಸುಲಭವಲ್ಲ.