ಆಪರೇಷನ್ ಒಂದೇ ದಾರಿಯೇ?

ಸಂತಾನ ನಿಯಂತ್ರಣದ ಮಾತೆತ್ತುವುದೇ ನಾಚಿಕೆಗೇಡು ಎನ್ನುತ್ತಿದ್ದ 1930ರಲ್ಲೇ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಅದಕ್ಕೆಂದು ಕ್ಲಿನಿಕ್ ತೆರೆಯಲು ಆದೇಶಿಸಿತು. ಇಂಥ ಸೇವೆಗೆ ಸರ್ಕಾರವೇ ಮುಂದಾದದ್ದು ಆಗ ಜಗತ್ತಿಗೇ ಹೊಸದು. ಭಾರತ ಸರ್ಕಾರದ ಕುಟುಂಬ ಯೋಜನೆ ಬಂದದ್ದು 1952ರಲ್ಲಿ. ಅಷ್ಟು ಮುಂಚೆ ದಾರಿ ತೋರಿದ ನಾಡಿನಲ್ಲಿ ಇಂದು ಹೆಣ್ಣುಮಕ್ಕಳಿಗೆ ಆಯ್ದುಕೊಳ್ಳಲು ಎಷ್ಟು ದಾರಿಗಳಿವೆ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 68ರಷ್ಟು ಮಂದಿ ಆಧುನಿಕ ಗರ್ಭನಿರೋಧಕ ವಿಧಾನವನ್ನು ಅವಲಂಬಿಸಿದ್ದಾರೆ. ಹೆಮ್ಮೆಪಡಬಹುದಾದ ಸಂಖ್ಯೆ. ಆದರೆ ಆ 68ರಲ್ಲಿ 57ರಷ್ಟು ಮಂದಿಯ ವಿಧಾನ ಒಂದೇ: ಹೆಣ್ಣಿನ ಸಂತಾನಹರಣ ಶಸ್ತ್ರಚಿಕಿತ್ಸೆ. ಮಾತ್ರೆ, ವಂಕಿ, ಚುಚ್ಚುಮದ್ದು, ಕಾಂಡೋಮ್ ಎಲ್ಲ ಸೇರಿದರೂ ಶೇ 11. ಗಂಡಸರ ಆಪರೇಷನ್ ಸೊನ್ನೆಯ ಆಸುಪಾಸಿನಲ್ಲಿದೆ.

ಈ ಅಂಕಿಗಳ ಹಿಂದಿನ ಬದುಕು ನಮಗೆಲ್ಲ ಗೊತ್ತಿರುವುದೇ. ಮದುವೆಯಾಗಿ ಆರು ತಿಂಗಳಾಗುವಷ್ಟರಲ್ಲಿ ‘ಇನ್ನೂ ಏನೂ ವಿಶೇಷ ಇಲ್ವಾ?’ ಎಂಬ ಪ್ರಶ್ನೆ. ಮೊದಲ ಮಗು ಅಂಬೆಗಾಲಿಡುತ್ತಿರುವಾಗಲೇ ಎರಡನೆಯ ಬಸಿರು. ಆ ಹೆರಿಗೆಯ ಬೆನ್ನಿಗೇ ಆಪರೇಷನ್. ದೇಶದಲ್ಲಿ ಆಪರೇಷನ್ ಮಾಡಿಸಿಕೊಂಡ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಆಗ 26 ವರ್ಷವೂ ತುಂಬಿರುವುದಿಲ್ಲ. ಮೊದಲ ಮಗುವನ್ನು ಮುಂದೂಡಲು, ಎರಡು ಹೆರಿಗೆಗಳ ನಡುವೆ ಮೈ ಚೇತರಿಸಿಕೊಳ್ಳಲು ಬೇಕಾದ ವಿಧಾನಗಳನ್ನು ಅವರಲ್ಲಿ ಅನೇಕರು ಅಲ್ಲಿಯವರೆಗೆ ಬಳಸಿಯೇ ಇರುವುದಿಲ್ಲ.

ಹಾಗೆಂದು ಆ ವಿಧಾನಗಳು ಇಲ್ಲವೆಂದಲ್ಲ, ದುಬಾರಿಯೂ ಅಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹೆರಿಗೆಯಾದ 48 ಗಂಟೆಯೊಳಗೇ ಹಾಕಬಹುದಾದ ಕಾಪರ್-ಟಿ ವಂಕಿ ಐದರಿಂದ ಹತ್ತು ವರ್ಷ ಕೆಲಸ ಮಾಡುತ್ತದೆ. ‘ಅಂತರ’ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ‘ಛಾಯಾ’ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ಸಾಕು. ಹಾಲೂಡಿಸುವ ತಾಯಿಯೂ ತೆಗೆದುಕೊಳ್ಳಬಹುದು.

ಅಡ್ಡಿ ಯಾವುದು?

ಮೊದಲನೆಯದು ಭಯ. ವಂಕಿ ಎದೆಗೆ ಏರುತ್ತದೆ, ಮಾತ್ರೆ ನುಂಗಿದರೆ ಬಂಜೆತನ ಬರುತ್ತದೆ ಎಂಬ ಮಾತುಗಳು ಬಾಯಿಂದ ಬಾಯಿಗೆ ಹರಿದಾಡುತ್ತಲೇ ಇವೆ. ಎರಡೂ ಸುಳ್ಳು. ಆದರೆ ವಂಕಿ ಹಾಕಿಸಿಕೊಂಡ ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ ಹೆಚ್ಚಬಹುದು, ‘ಅಂತರ’ ಪಡೆದಾಗ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಇದನ್ನು ಮೊದಲೇ ತಿಳಿಹೇಳದಿದ್ದರೆ ಹೆಣ್ಣುಮಗಳು ಗಾಬರಿಯಾಗಿ ಅರ್ಧಕ್ಕೇ ಬಿಡುತ್ತಾಳೆ. ಅವಳ ಗಾಬರಿ ಓಣಿಗೆಲ್ಲ ಹರಡುತ್ತದೆ. ಜನಜಂಗುಳಿಯ ಆರೋಗ್ಯ ಕೇಂದ್ರದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡುವವರು ಬೇಕು.

ಎರಡನೆಯದು ಮನೆಯ ಅಪ್ಪಣೆ. ಸಂತಾನಹರಣ ಶಸ್ತ್ರಚಿಕಿತ್ಸೆಗೂ ಗಂಡನ ಒಪ್ಪಿಗೆ ಕಡ್ಡಾಯವಲ್ಲ ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಆದರೂ ಗಂಡ, ಅತ್ತೆ ‘ಹೂಂ’ ಎನ್ನದೆ ಅವಳು ಹೊಸ್ತಿಲು ದಾಟುವುದು ಕಷ್ಟ. ಮದುವೆಯಾಗದವಳ ಪಾಡು ಇನ್ನೂ ಕಷ್ಟ. ಮೆಡಿಕಲ್ ಶಾಪಿನವನ ನೋಟಕ್ಕೆ ಹೆದರಿ, ತುರ್ತಿಗೆಂದು ಇರುವ ಮಾತ್ರೆಯನ್ನೇ ಮತ್ತೆ ಮತ್ತೆ ನುಂಗುವವರಿದ್ದಾರೆ.

ಮೂರನೆಯದು ಗಂಡಸರ ಗೈರುಹಾಜರಿ. ಇದಕ್ಕೊಂದು ಕಹಿ ಚರಿತ್ರೆಯಿದೆ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ವ್ಯಾಸೆಕ್ಟಮಿ ಮಾಡಲಾಯಿತು, ಅನೇಕರಿಗೆ ಬಲವಂತವಾಗಿ. ಜನ ಸಿಟ್ಟಿಗೆದ್ದರು, ಸರ್ಕಾರಗಳು ಗಂಡಸರ ಗೊಡವೆ ಬಿಟ್ಟು ಹೆಂಗಸರತ್ತ ತಿರುಗಿದವು. ಗುರಿ ಮುಟ್ಟುವ ಅವಸರಕ್ಕೆ ಅವರು ಜೀವವನ್ನೇ ತೆತ್ತರು. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ನಡೆಯಿತು. ಆ ದುರಂತದಲ್ಲಿ 13 ಮಂದಿ ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಬೇಕಾಯಿತು.

ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸರಳ. ಈಗಿನ ವಿಧಾನದಲ್ಲಿ ಚಾಕುವಿನ ಗಾಯವಿಲ್ಲ, ಹೊಲಿಗೆಯಿಲ್ಲ, ಅದೇ ದಿನ ಮನೆಗೆ ಮರಳಬಹುದು. ಗಂಡಸುತನಕ್ಕೆ ಕುಂದಿಲ್ಲ. ಮೊದಲ ಮೂರು ತಿಂಗಳು ಮಾತ್ರ ಬೇರೆ ವಿಧಾನ ಜೊತೆಗಿರಬೇಕು.

ಆಪರೇಷನ್ ತಪ್ಪಲ್ಲ. ಎಲ್ಲ ತಿಳಿದು ತಾನೇ ಆರಿಸಿಕೊಂಡವಳಿಗೆ ಅದು ಒಳ್ಳೆಯ ದಾರಿಯೇ. ಬೇರೆ ದಾರಿಗಳನ್ನು ತೋರಿಸದೆ ಇದೊಂದರತ್ತಲೇ ಅವಳನ್ನು ನಡೆಸಿಕೊಂಡು ಹೋಗುವುದು ತಪ್ಪು. ಆದ್ದರಿಂದ ಪ್ರತಿ ಗರ್ಭಿಣಿಗೂ ಹೆರಿಗೆಗೆ ಮೊದಲೇ ಎಲ್ಲ ವಿಧಾನಗಳ ಪರಿಚಯವಾಗಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಗಂಡನೂ ಕೂತು ಕೇಳಲಿ. ಹೊಸದಾಗಿ ಮದುವೆಯಾದ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ, ‘ವಿಶೇಷ’ ಕೇಳುವ ಬದಲು ಅವಳನ್ನು ಒಮ್ಮೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಯಾವಾಗ, ಎಷ್ಟು, ಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವಳಿಗೇ ಬಿಡಿ.